ಚಿಕ್ಕಪ್ಪ ತಂದ ಬೊಂತೆ

ಸೈಕಲ್ ಟ್ಯೂಬಿಗೆ ತೇಪೆ ಹಾಕುವ ಸಲ್ಯೂಷನ್ನಿನ ವಾಸನೆ ಎಲ್ಲಿ ಬಂದರೂ ಇವತ್ತಿಗೂ ನನ್ನ ಕಾಲು ನಿಂತುಬಿಡುತ್ತದೆ. ಕೋಲಾರದ ಪೇಟೆಯಲ್ಲಿದ್ದ ನಮ್ಮ ಹೆಂಚಿನ ಮನೆಯ ಜಗುಲಿಯ ತುಂಬ ಅದೇ ವಾಸನೆ. ಅಪ್ಪ ತೀರಿಕೊಂಡ ಮೇಲೆ ಅಜ್ಜಿಯನ್ನೂ ಅಮ್ಮನನ್ನೂ ನನ್ನನ್ನೂ ಸಾಕುತ್ತಿದ್ದವನು ಅಪ್ಪನ ತಮ್ಮ ನಂಜುಂಡ, ನನ್ನ ಚಿಕ್ಕಪ್ಪ. ಲಾಟೀನಿನ ಗಾಜುಗಳನ್ನು ಸೈಕಲ್ಲಿಗೆ ಹೇರಿಕೊಂಡು ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹಳ್ಳಿಗಳಲ್ಲಿ ಮಾರುತ್ತಿದ್ದ. ಆ ಕಾಲದ ದಾರಿಗಳನ್ನು ಕಂಡವರಿಗೇ ಗೊತ್ತು: ಆಳವಾದ ಗಾಡಿಜಾಡು, ಧೂಳು, ಎದ್ದು ನಿಂತ ಕಲ್ಲು. ಅವನು ಗಾಜಿಗೆ ಹುಲ್ಲು ಸುತ್ತಿ, ಗೋಣಿಯಲ್ಲಿಟ್ಟು, ಕ್ಯಾರಿಯರಿಗೆ ಹಗ್ಗ ಬಿಗಿದನೆಂದರೆ ಒಂದೂ ಒಡೆಯುತ್ತಿರಲಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ, ಒಂದು ಚಳಿಗಾಲದಲ್ಲಿ, ನಮ್ಮ ಬೀದಿಯಲ್ಲಿ ಇಲಿ ಸತ್ತು ಬಿದ್ದವು. ಪ್ಲೇಗು ಬಂತೆಂದು ಬೀದಿಗೆ ಬೀದಿಯೇ ಖಾಲಿಯಾಗಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ನಾವು ಸುಗಟೂರಿನ ದಾರಿಯಲ್ಲಿ, ಒಂದು ಬಂಡೆಯ ಪಕ್ಕದಲ್ಲಿ ಇಳಿದೆವು. ನಡೆಯಲಾರದ ಅಜ್ಜಿಯನ್ನು, ರಾಗಿ ಮೂಟೆಯನ್ನು, ತಪ್ಪಲೆಗಳನ್ನು ಚಿಕ್ಕಪ್ಪ ಒಂದೊಂದಾಗಿ ಸೈಕಲ್ಲಿನ ಮೇಲಿಟ್ಟು ತಳ್ಳಿಕೊಂಡು ಬಂದ. ಹಾಸಿಗೆ ಬಟ್ಟೆ ಮಾತ್ರ ಮುಟ್ಟಬಾರದು, ಮನೆಗೆ ಮದ್ದು ಹೊಡೆಯುವವರೆಗೆ ಯಾರೂ ಒಳಗೆ ಕಾಲಿಡಬಾರದು ಎಂದು ಡಂಗುರ ಹೊಡೆಸಿದ್ದರು. ನನ್ನ ಬೊಂತೆ ಮನೆಯಲ್ಲೇ ಉಳಿಯಿತು. ಅಪ್ಪನ ಹಳೆಯ ಪಂಚೆಗಳನ್ನು ಸೇರಿಸಿ ಅಮ್ಮ ಹೊಲಿದಿದ್ದ ಬೊಂತೆ ಅದು. ಹೊದ್ದರೆ ಅಪ್ಪನ ಪಕ್ಕ ಮಲಗಿದ ಹಾಗಿರುತ್ತಿತ್ತು. ನಾನು ಅದಕ್ಕಾಗಿ ಮೂರು ದಿನ ಅತ್ತೆ. ಅಮ್ಮ ಬೈದಳು. ನಾಲ್ಕನೆಯ ದಿನ ಅಜ್ಜಿ ಮಲಗಿದ್ದಾಗ, ಚಿಕ್ಕಪ್ಪ ನನ್ನ ಮೂಗು ಒರೆಸಿ, "ಅಳಬೇಡ ಕಣೇ, ತಂದ್ಕೊಡ್ತೀನಿ" ಎಂದವನು ಸೈಕಲ್ ಹತ್ತಿದ.

ಮಧ್ಯಾಹ್ನ ಬೊಂತೆಯ ಸಮೇತ ಬಂದ. ನಾನು ಓಡಿಹೋದರೆ, "ದೂರ ನಿಂತ್ಕೋ" ಎಂದು ಗದರಿಸಿ, ಬಂಡೆಯ ಮೇಲೆ ಅದನ್ನು ಹರವಿ ಕೋಲಿನಿಂದ ಬಡಿದ. ಮತ್ತೆ ಕೊಡವಿ, ತಿರುವಿ ಹಾಕಿ, ಮತ್ತೆ ಬಡಿದ. ಅಮ್ಮ ನೋಡಿ, ತುಟಿ ಕಚ್ಚಿಕೊಂಡು ನಿಂತಳು. ನಾಲ್ಕು ದಿನಕ್ಕೆ ಅವನಿಗೆ ಜ್ವರ ಬಂತು. ತೊಡೆಯ ಸಂದಿನಲ್ಲಿ ಗಡ್ಡೆ ಎದ್ದಿತು. ಅಮ್ಮ ಬೊಂತೆಯನ್ನು ಸುಟ್ಟಳು.

ಆಸ್ಪತ್ರೆಗೆ ಗಾಡಿ ಕಟ್ಟಲು ಯಾರೂ ಒಪ್ಪಲಿಲ್ಲ. ಜನ್ಮದಲ್ಲಿ ಸೈಕಲ್ ಮುಟ್ಟದಿದ್ದ ಅಮ್ಮ, ಅವನನ್ನು ಕ್ಯಾರಿಯರಿನ ಮೇಲೆ ಕೂರಿಸಿ, ಸೀಟಿಗೆ ಒರಗಿಸಿ, ಅವನದೇ ಹಗ್ಗದಿಂದ ಕಟ್ಟಿದಳು. ಆ ಜ್ವರದಲ್ಲೂ ಅವನು ಕಣ್ಣು ತೆರೆದು, "ಅತ್ತಿಗೇ, ಗಂಟು ಮೇಲ್ಗಡೆ ಬೇಡ, ಕಲ್ಲಿಗೆ ಎಗರಿದ್ರೆ ಬಿಚ್ಕೊಳ್ತದೆ. ಕೆಳಗಡೆ ಹಾಕಿ" ಎಂದ. ಅಮ್ಮ ಬಿಚ್ಚಿ ಮತ್ತೆ ಕಟ್ಟಿದಳು. ಅವಳು ಹ್ಯಾಂಡಲ್ ಹಿಡಿದು ತಳ್ಳಿದಳು, ನಾನು ಹಿಂದಿನಿಂದ ಅವನ ಅಂಗಿ ಹಿಡಿದು ನಡೆದೆ. ಚಕ್ರ ಕಲ್ಲಿಗೆ ಎಗರಿದಾಗಲೆಲ್ಲ ನರಳುತ್ತಿದ್ದ. ಕೆರೆ ಏರಿ ದಾಟಿದ ಮೇಲೆ ನರಳಲಿಲ್ಲ. ನಿದ್ದೆ ಬಂತೆಂದುಕೊಂಡು ಅಮ್ಮ ಮೆಲ್ಲಗೆ ತಳ್ಳತೊಡಗಿದಳು. ಅವನ ಬೆನ್ನು ಹಿಡಿದಿದ್ದ ನನಗೆ ಗೊತ್ತಾಗಿತ್ತು. ನಾನು ಹೇಳಲಿಲ್ಲ.

ಟೇಕಲ್‌ನಿಂದ ಸೋದರತ್ತೆ ಬಂದಳು. ಅಜ್ಜಿ ಎದೆ ಬಡಿದುಕೊಂಡು, "ನಾ ಬಿಡ್ಡ, ನನ್ನ ಮಗ ಹೋದನಲ್ಲೇ! ಆ ಮನೆಗೆ ಅವನನ್ನ ಕಳಿಸಿದ್ದು ಯಾರು?" ಎಂದು ಕೇಳಿದಳು. ಅಮ್ಮನ ಕೈ ನನ್ನ ಹೆಗಲನ್ನು ಒತ್ತಿ ಹಿಡಿಯಿತು.

"ನಾನೇ ಕಳಿಸಿದ್ದು, ಅತ್ತೆ. ಚಳಿ ತಡೀಲಿಲ್ಲ, ಬೊಂತೆ ತಾ ಅಂದೆ" ಎಂದಳು ಅಮ್ಮ.

ಅಜ್ಜಿ ಮಗಳ ಜೊತೆ ಟೇಕಲ್‌ಗೆ ಹೊರಟುಹೋದಳು. ಆಮೇಲೆ ಆರು ವರ್ಷ ಬದುಕಿದ್ದಳು. ನಾವು ನೋಡಲು ಹೋದರೆ ಅಮ್ಮನ ಕಡೆ ಮುಖ ತಿರುಗಿಸುತ್ತಿರಲಿಲ್ಲ, ಅವಳ ಕೈಯಿಂದ ನೀರು ಕುಡಿಯುತ್ತಿರಲಿಲ್ಲ. ನನ್ನನ್ನು ಮಾತ್ರ ಹತ್ತಿರ ಕೂರಿಸಿಕೊಂಡು ತಲೆ ಬಾಚುತ್ತ, "ಅವನಿಗೆ ನೀನಂದ್ರೆ ಪ್ರಾಣ ಕಣೇ" ಎನ್ನುತ್ತಿದ್ದಳು. ಬಾಗಿಲ ಹೊರಗೆ ನಿಂತ ಅಮ್ಮನ ನೆರಳು ನನಗೆ ಕಾಣುತ್ತಿತ್ತು. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಎಂದುಕೊಂಡು ಹೋಗುತ್ತಿದ್ದೆ. ಜಡೆ ಹಾಕಿಸಿಕೊಂಡು ಬರುತ್ತಿದ್ದೆ.

ಅಜ್ಜಿಯ ತಿಥಿ ಮುಗಿದ ದಿನ ಅಮ್ಮನನ್ನು ಕೇಳಿದೆ, ಯಾಕೆ ಹಾಗಂದೆ ಎಂದು. ಅಮ್ಮ ಒಲೆಯ ಬೂದಿ ತೋಡುತ್ತಿದ್ದಳು. "ಒಂಬತ್ತು ವರ್ಷದ ಮಗುವಿನ ತಲೆ ಮೇಲೆ ಹೊರಿಸೋ ಮಾತಾ ಅದು?" ಎಂದಳು, ಅಷ್ಟೇ.

ಈಗ ಅಮ್ಮನೂ ಇಲ್ಲ, ಆ ಮನೆಯವರು ಯಾರೂ ಇಲ್ಲ. ಕೇಳಬೇಕಾಗಿದ್ದವರೆಲ್ಲ ಹೋದ ಮೇಲೆ ನಿಮ್ಮ ಮುಂದೆ ಹೇಳುತ್ತಿದ್ದೇನೆ: ಬೊಂತೆ ಬೇಕೆಂದು ಕೇಳಿದ್ದು ನಾನು.