ಕಟ್ಟೆ ಕೆಲಸಕ್ಕೆ ಬಂದ ಮುಯ್ಯಾಳು

ನಾನು ಹುಣಸೂರಿನಲ್ಲಿ ಪತ್ರಿಕೆಯೊಂದರ ವರದಿಗಾರ. ನನ್ನ ಅಕ್ಕನನ್ನು ರಾವಂದೂರು ಹೋಬಳಿಯ ಒಂದು ಊರಿಗೆ ಕೊಟ್ಟಿದೆ. ಮನೆಯವರ ಸುದ್ದಿಯನ್ನು ತಾನೇ ಬರೆಯಬಾರದು ಎಂಬುದು ನಮ್ಮ ಕಚೇರಿಯ ರೂಢಿ. ಅದು ಸರಿಯಾದ ರೂಢಿಯೇ. ಹಾಗಾಗಿ ಆ ಬೇಸಿಗೆಯಲ್ಲಿ ಅಕ್ಕನ ಊರಿನ ಕಟ್ಟೆಯ ಸುತ್ತ ನಡೆದದ್ದು ಎಲ್ಲೂ ಅಚ್ಚಾಗಲಿಲ್ಲ. ಕಣ್ಣಾರೆ ಕಂಡದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕ ಆಗ ಉದ್ಯೋಗ ಖಾತ್ರಿಯ ಕಾಯಕ ಬಂಧು. ಕೆಲಸಕ್ಕೆ ಬರುವ ಹೆಂಗಸರನ್ನು ಒಟ್ಟುಮಾಡುವುದು, ಯಾರು ಎಲ್ಲಿ ಅಗೆಯಬೇಕೆಂದು ಗುರುತು ಹಾಕಿಕೊಡುವುದು, ಬೆಳಿಗ್ಗೆಯೂ ಮಧ್ಯಾಹ್ನವೂ ಎಲ್ಲರನ್ನು ನಿಲ್ಲಿಸಿ ಮೊಬೈಲಿನಲ್ಲಿ ಹಾಜರಿ ಫೋಟೊ ತೆಗೆಯುವುದು ಅವಳ ಜವಾಬ್ದಾರಿ. ಹತ್ತನೇ ತರಗತಿ ಪಾಸಾಗಿ ಮದುವೆಯಾದವಳಿಗೆ ಅದು ತನ್ನ ಹೆಸರಿನಲ್ಲಿ ಸಿಕ್ಕಿದ ಮೊದಲ ಕೆಲಸ.

ಅವಳಿಗಿಂತ ಮೊದಲು ಆ ಊರಿನಲ್ಲಿ ಖಾತ್ರಿ ಕೆಲಸವೆಂದರೆ ಜೆಸಿಬಿ ಬಂದು ಒಂದೆರಡು ದಿನ ಸದ್ದು ಮಾಡಿ ಹೋಗುವುದು. ಹೆಂಗಸರ ಜಾಬ್ ಕಾರ್ಡುಗಳು ಟ್ರಂಕಿನಲ್ಲಿ ಮದುವೆ ಸೀರೆಯ ಕೆಳಗೆ ಇರುತ್ತಿದ್ದವು, ಇಲ್ಲವೇ ಇನ್ನಾರದೋ ಕೈಯಲ್ಲಿ. ಕೂಲಿ ಬೇಕೆಂದವರು ನಸುಕಿನಲ್ಲೇ ಜೀಪು ಹತ್ತಿ ಕೊಡಗಿನ ಕಾಫಿ ತೋಟಕ್ಕೆ ಹೋಗಬೇಕಿತ್ತು. ಅಕ್ಕ ಮನೆಮನೆ ತಿರುಗಿ ಕಾರ್ಡುಗಳನ್ನು ಹೊರಗೆ ತೆಗೆಸಿದಳು. ಊರ ಕಟ್ಟೆಯ ಹೂಳೆತ್ತುವ ಕೆಲಸವನ್ನು ಮಿಷನ್ನಿಗೆ ಬಿಡದೆ ಹೆಂಗಸರ ಗುದ್ದಲಿಗೆ ತಂದಳು. ಗಂಡಸರಿಗೆಷ್ಟೋ ಹೆಂಗಸರಿಗೂ ಅಷ್ಟೇ ಕೂಲಿ, ಅದೂ ಅವರವರ ಖಾತೆಗೆ.

ಇದರಿಂದ ಎಲ್ಲರಿಗೂ ಸಂತೋಷವಾಯಿತು ಎನ್ನಲಾರೆ. ಊರಿನಲ್ಲಿ ಒಬ್ಬ ಟ್ರ್ಯಾಕ್ಟರ್ ಮಾಲೀಕನಿದ್ದ. ಹೊಗೆಸೊಪ್ಪಿನ ಹೊಲ, ಸೊಪ್ಪು ಹದ ಮಾಡುವ ಬ್ಯಾರನ್ನು, ಜೆಸಿಬಿ ತರಿಸುವ ವಹಿವಾಟು ಎಲ್ಲವೂ ಅವನದಿತ್ತು. ಖಾತ್ರಿ ಕೂಲಿ ಸಿಗತೊಡಗಿದ ಮೇಲೆ ಹಳೆಯ ಕೂಲಿಗೆ ಹೊಲಕ್ಕೆ ಬರುವವರು ಕಡಿಮೆಯಾಗಿದ್ದರು. ಅಕ್ಕನನ್ನು ಎದುರಿಗೆ ಕಂಡರೆ ಅವನು, “ಏನ್ ಮೇಸ್ತ್ರಮ್ಮ, ಊರಲ್ಲಿರೋ ಆಳೆಲ್ಲ ನಿನ್ ಜೇಬಲ್ಲೇ ಅವ್ರಲ್ಲ” ಎನ್ನುತ್ತಿದ್ದ. “ಸೀರೇಲಿ ಜೇಬೆಲ್ಲಿ ಅದೆ ಕಣಣ್ಣ” ಎಂದು ಅಕ್ಕ ಮುಂದೆ ಹೋಗುತ್ತಿದ್ದಳು.

ಒಂದು ಭಾನುವಾರ ನಾನು ಹೋದಾಗ ಅಕ್ಕ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಕೆಲಸ ಹೇಗೆ ನಡೆಯುತ್ತಿದೆ ಎಂದು ಕೇಳಿದೆ.

“ಚೆಂದಾಗಿ ನಡೀತದೆ ಕಣ್ಲಾ. ಆ ಮೂಲೆಮನೆ ಸೊಸೆ ಬಸುರಿ ಅಲ್ವಾ, ಬಗ್ಗಿ ಮಣ್ಣೆತ್ತಕ್ಕೆ ಆಗಾಕಿಲ್ಲ. ಕೋಟೆ ಕಡೆ ತವರಿಗೆ ಹೋದ್ಲು. ಅವ್ಳ ಬದ್ಲು ಎದುರುಮನೆಯೋಳು ಬತ್ತಾವ್ಳೆ.”

“ಹಾಜರಿ ಯಾರ ಹೆಸರಿಗೆ ಹಾಕ್ತಿದ್ದೀಯ?”

“ಸೊಸೆ ಹೆಸರಿಗೇ. ಇನ್ಯಾರ ಹೆಸರಿಗೆ ಹಾಕ್ಲಿ? ಎದುರುಮನೆಯೋಳು ಮುಯ್ಯಾಳು ಬಂದವ್ಳೆ.”

ಮುಯ್ಯಾಳು ಎಂದರೆ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇವತ್ತು ನೀವು ನಮ್ಮ ಹೊಲಕ್ಕೆ ಬಂದರೆ ನಾಳೆ ನಾವು ನಿಮ್ಮ ಹೊಲಕ್ಕೆ ಬರುತ್ತೇವೆ, ನಡುವೆ ಕೂಲಿಯ ಮಾತಿಲ್ಲ. ಬರಬೇಕಾದವರಿಗೆ ಮೈ ಸರಿಯಿಲ್ಲದಿದ್ದರೆ ಆ ಮನೆಯ ಪರವಾಗಿ ಇನ್ನೊಬ್ಬರು ಬರುತ್ತಾರೆ. ನಾಟಿ, ಕಳೆ, ಹೊಗೆಸೊಪ್ಪು ಕಡ್ಡಿಗೆ ಕಟ್ಟುವುದು ಎಲ್ಲವೂ ಹೀಗೆಯೇ ನಡೆದುಬಂದಿದೆ. ಆಳು ಒಬ್ಬ ಮನುಷ್ಯನದಲ್ಲ, ಮನೆಯದು. ಅಕ್ಕ ಅದೇ ಲೆಕ್ಕವನ್ನು ಸರ್ಕಾರದ ಕೆಲಸಕ್ಕೂ ಹಚ್ಚಿದ್ದಳು. ಬಿಸಿಲಿಗೆಂದು ಎಲ್ಲರೂ ತಲೆಯ ಮೇಲಿಂದ ಟವಲು ಇಳಿಬಿಟ್ಟಿರುತ್ತಿದ್ದರು. ಫೋಟೊದಲ್ಲಿ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಮುಚ್ಚಿಡಬೇಕೆಂಬ ಯೋಚನೆ ಅವಳಿಗೆ ಇರಲೇ ಇಲ್ಲ. ಹಿತ್ತಲಲ್ಲಿ ಕೂತು ನನಗೆ ಹೇಳಿದ ಹಾಗೆಯೇ ಊರಿಗೆಲ್ಲ ಹೇಳಿದ್ದಳು.

“ಅಕ್ಕ, ಇದು ನಿಯಮಕ್ಕೆ ತಪ್ಪು. ಅವರವರ ಕಾರ್ಡಿಗೆ ಅವರವರೇ ಬರಬೇಕು” ಎಂದೆ.

ಅವಳು ಉಜ್ಜುತ್ತಿದ್ದ ಕೈ ನಿಲ್ಲಿಸಿದಳು. “ಎತ್ತಿದ ಮಣ್ಣು ಸುಳ್ಳಾ?”

“ಮಣ್ಣು ನಿಜ. ಹೆಸರು ಸುಳ್ಳು.”

“ನಾಳೆಯಿಂದ ಸರಿ ಮಾಡ್ತೀನಿ ಬುಡು” ಎಂದಳು. ಆದರೆ ನಾಳೆಯವರೆಗೆ ವಿಷಯ ಕಾಯಲಿಲ್ಲ. ಬಸುರಿ ಹುಡುಗಿ ಎಚ್.ಡಿ. ಕೋಟೆ ಕಡೆಯ ತವರಿನಲ್ಲಿದ್ದಾಳೆ, ಹಾಜರಿ ಮಾತ್ರ ಇಲ್ಲಿ ಬೀಳುತ್ತಿದೆ ಎಂದು ಟ್ರ್ಯಾಕ್ಟರ್ ಮಾಲೀಕ ಆಗಲೇ ಪಂಚಾಯಿತಿಗೆ ದೂರು ಕೊಟ್ಟಿದ್ದ. ಮಾರನೆಯ ದಿನ ಕೆಲಸ ನಿಂತಿತು. ಇಡೀ ಗುಂಪಿನ ಆ ವಾರದ ಕೂಲಿಯನ್ನು ತಡೆಹಿಡಿದರು. ಕಾಯಕ ಬಂಧುವನ್ನು ಬದಲಿಸುವ ವಿಷಯ ಗ್ರಾಮಸಭೆಯ ಮುಂದೆ ಬರುತ್ತದೆ ಎಂದು ಪಂಚಾಯಿತಿಯಿಂದ ಹೇಳಿಕಳಿಸಿದರು.

ಅಕ್ಕನ ಜಾಗಕ್ಕೆ ಯಾರು ಬರುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಟ್ರ್ಯಾಕ್ಟರ್ ಮಾಲೀಕನ ಕಡೆಯವರೊಬ್ಬರು. ಅವರು ಬಂದರೆ ಕಟ್ಟೆಗೆ ಜೆಸಿಬಿ ಇಳಿಯುತ್ತದೆ, ಕಾರ್ಡುಗಳು ಮತ್ತೆ ಟ್ರಂಕು ಸೇರುತ್ತವೆ, ಹೆಂಗಸರು ಮತ್ತೆ ಕೊಡಗಿನ ಜೀಪು ಹತ್ತುತ್ತಾರೆ. ಅಕ್ಕ ಆ ವಾರ ಸರಿಯಾಗಿ ಊಟ ಮಾಡಲಿಲ್ಲ ಎಂದು ಭಾವ ಫೋನಿನಲ್ಲಿ ಹೇಳಿದರು. “ಕೆಲ್ಸ ಹೋದ್ರೆ ಹೋಗ್ಲಿ ಅಂತ ನಾನಂದ್ರೆ ನನ್ ಮೇಲೇ ಸಿಟ್ಟಾಯ್ತಾಳೆ” ಎಂದರು. ಎಲ್ಲರ ಕೂಲಿ ತನ್ನಿಂದ ನಿಂತಿತಲ್ಲ ಎಂಬುದು ಅವಳನ್ನು ಕೊರೆಯುತ್ತಿತ್ತು.

ಖಾತ್ರಿ ಕೆಲಸಗಳ ವಿವರವನ್ನು ಊರವರ ಎದುರಿಗೇ ಓದಿ, ನಿಜವೋ ಸುಳ್ಳೋ ತಾಳೆ ನೋಡುವ ಸಭೆಯೊಂದಿದೆ. ಸಾಮಾಜಿಕ ಪರಿಶೋಧನೆಯ ಗ್ರಾಮಸಭೆ ಎನ್ನುತ್ತಾರೆ. ಅಕ್ಕನ ವಿಷಯ ಬರುವುದಿದ್ದದ್ದೂ ಅಲ್ಲೇ. ಅದಕ್ಕೆ ರಜೆ ಹಾಕಿ ಹೋದೆ, ಅಕ್ಕನ ತಮ್ಮನಾಗಿ. ಹಿಂದಿನ ಗೋಡೆಗೊರಗಿ ನಿಂತೆ. ಸಮುದಾಯ ಭವನದಲ್ಲಿ ಮುಂದಿನ ಕುರ್ಚಿಗಳಲ್ಲಿ ಗಂಡಸರು, ಹಿಂದೆ ಬಾಗಿಲ ಹತ್ತಿರ ಹೆಂಗಸರು ಕೂರುವುದು ಪದ್ಧತಿ. ಅವತ್ತು ಮೂಲೆಮನೆ ಅತ್ತೆ, ಅಂದರೆ ಆ ಬಸುರಿಯ ಅತ್ತೆ, ಬಾಗಿಲಲ್ಲೇ ನಿಂತು, “ಇಂದೆ ಕುಂತ್ರೆ ಕೇಳಾಕಿಲ್ಲ ಕಣ್ರೇ, ಮುಂದಕ್ಕೆ ನಡೀರಿ” ಎಂದರು. ಹೆಂಗಸರು ಹೋಗಿ ಕುರ್ಚಿಗಳ ಮುಂದೆ, ವೇದಿಕೆಯ ಕಾಲಬುಡದಲ್ಲೇ ನೆಲಕ್ಕೆ ಕೂತರು. ಗಂಡಸರು ತಲೆಗಳ ಮೇಲಿಂದ ಇಣುಕಿ ನೋಡಬೇಕಾಯಿತು.

ಪರಿಶೋಧನೆಗೆ ಬಂದವರು ಕೆ.ಆರ್. ನಗರದ ಕಡೆಯ ಒಬ್ಬ ಯುವತಿ. ದನಿ ಏರಿಸದೆ ಓದಿದರು. ಒಬ್ಬರ ಬದಲು ಇನ್ನೊಬ್ಬರು ಕೆಲಸಕ್ಕೆ ಬಂದಿದ್ದಾರೆ, ಹಾಜರಿ ಬಾರದವರ ಹೆಸರಿಗೆ ಬಿದ್ದಿದೆ. “ಇದು ನಿಜವಾ?”

ಅಕ್ಕ ಎದ್ದು ನಿಂತಳು. “ನಿಜ ಮೇಡಂ. ಮುಯ್ಯಾಳು ಬಂದಿದ್ರು.”

ಪಂಚಾಯಿತಿ ಅಧಿಕಾರಿ ತಲೆಯೆತ್ತಿ ನೋಡಿದರು. ಇಲ್ಲ ಎನ್ನುತ್ತಾಳೆಂದು ಅವರು ಎಣಿಸಿದ್ದಿರಬೇಕು. ಆ ಯುವತಿ ಮಾತ್ರ ಸ್ವಲ್ಪ ನಕ್ಕರು. “ನಮ್ಮೂರಲ್ಲೂ ನಾಟಿಗೆ ಮುಯ್ಯಾಳು ಹೋಗ್ತಾರೆ ಅಕ್ಕ. ಗದ್ದೆಗೆ ಅದು ಸರಿ. ಇಲ್ಲಿ ಕೂಲಿ ಬರೋದು ಆಳಿನ ಹೆಸರಿಗೆ, ಮನೆ ಹೆಸರಿಗಲ್ಲ.”

“ಈಗ ಗೊತ್ತಾಯ್ತು ಮೇಡಂ. ಆವಾಗ ಹೊಳೀಲಿಲ್ಲ.”

“ಹೊಳೀಲಿಲ್ವಂತೆ” ಎಂದ ಟ್ರ್ಯಾಕ್ಟರ್ ಮಾಲೀಕ, ಕೂತಲ್ಲಿಂದಲೇ. “ಕಳ್ಳ ಹಾಜರಿ ಅಂತ ಬರ್ಕೊಳಿ ಮೇಡಂ. ಬೇರೆಯೋರ್ನ ಹಾಕಿ, ಕೆಲ್ಸ ಬೇಗ ಮುಗೀಲಿ.”

ಮೂಲೆಮನೆ ಅತ್ತೆ ಕೂತಲ್ಲೇ ಹಿಂದೆ ತಿರುಗಿದರು. “ಬೇಗ ಅಂದ್ರೆ ಎಂಗ್ಲಾ? ನಿನ್ ಮಿಷನ್ ಇಳ್ಸಿಯಾ?”

ಹೆಂಗಸರು ನಕ್ಕರು. ಅತ್ತೆ ನಗಲಿಲ್ಲ.

“ನಿಮ್ಮವ್ವ ಆಸ್ಪತ್ರೇಲಿ ಮಲಗಿದ್ದಾಗ ನಿನ್ ಬ್ಯಾರನ್ನಿಗೆ ಸೊಪ್ಪು ಕಟ್ದೋರು ಯಾರ್ಲಾ? ನಾವೇ ಅಲ್ವಾ ಮುಯ್ಯಾಳು ಬಂದಿದ್ದು? ಆವಾಗ ನಾವು ಕಳ್ಳ ಆಳಾಗಿದ್ವಾ? ಉಪ್ಪಿಟ್ಟು ಬಡಿಸ್ಕಂಡು ಅತ್ತೆ ಅತ್ತೆ ಅಂತಾ ಓಡಾಡ್ತಿದ್ದೆ.”

“ಅದು ಬೇರೆ ಅತ್ತೆ, ಇದು ಗೌರ್ಮೆಂಟ್ ದುಡ್ಡು.”

“ಈಗ್ಲೂ ಅತ್ತೆ ಅಂದ್ಯಲ್ಲ, ಅಷ್ಟು ಸಾಕು ಬುಡು.”

ಈ ಸಲ ಗಂಡಸರೂ ನಕ್ಕರು. ಅವನು ಮೀಸೆ ತೀಡಿಕೊಂಡ. ಅವನ ಮಾತಿನಲ್ಲಿ ನ್ಯಾಯವಿರಲಿಲ್ಲ ಎಂದೇನೂ ಅಲ್ಲ. ಸರ್ಕಾರದ ಹಣಕ್ಕೆ ಹೆಸರು ಸರಿಯಿರಲೇಬೇಕು. ಆದರೆ ಆ ಮಾತನ್ನು ಜೆಸಿಬಿ ತರುವವನು ಹೇಳಿದ್ದು ಸಭೆಯಲ್ಲಿ ಯಾರ ಕಿವಿಗೂ ಸರಿಹೋಗಲಿಲ್ಲ.

ಯುವತಿ ತಮ್ಮ ಕೆಲಸ ಮುಂದುವರಿಸಿದರು. ಕಟ್ಟೆಯಲ್ಲಿ ತೆಗೆದ ಮಣ್ಣಿನ ಅಳತೆ ಸರಿಯಿದೆಯೇ ಎಂದು ಎಂಜಿನಿಯರನ್ನು ಕೇಳಿದರು. ಸರಿಯಿದೆ, ಒಂದು ಗುಂಡಿಯೂ ಕಡಿಮೆಯಿಲ್ಲ ಎಂದರು ಅವರು. ಆಮೇಲೆ ಎಲ್ಲ ಊರಿನಲ್ಲೂ ಕೇಳುವ ಪ್ರಶ್ನೆಯನ್ನೇ ಇಲ್ಲೂ ಕೇಳಿದರು. “ಕೆಲಸದ ಜಾಗದಲ್ಲಿ ನೀರು ಕೊಡೋರು ಯಾರು?”

“ನೀರಾ?” ಎಂದಳು ಎದುರುಮನೆಯವಳು. “ಮನೆಯಿಂದ ಬಾಟ್ಲಿ ತರ್ತೀವಿ. ಖಾಲಿ ಆದ್ರೆ ಬಾಯಾರ್ಕೊಂಡೇ ಕೆಲ್ಸ.”

“ನೆರಳಿಗೆ ಏನಿದೆ?”

“ಏರಿ ಮೇಲೊಂದು ಜಾಲಿಮರ ಅದೆ. ಮೇಕೆ ಮಲಗದೇ ಇದ್ರೆ ನಮಗೆ.”

ಯುವತಿ ಪಂಚಾಯಿತಿ ಅಧಿಕಾರಿಯತ್ತ ತಿರುಗಿದರು. ಕೆಲಸದ ಜಾಗದಲ್ಲಿ ನೀರು, ನೆರಳು ಇರಬೇಕು. ನೀರು ಕೊಡುವುದಕ್ಕೆಂದೇ ಗುಂಪಿನ ಒಬ್ಬರನ್ನು ಇಟ್ಟುಕೊಳ್ಳಬಹುದು, ಅವರಿಗೂ ಉಳಿದವರಷ್ಟೇ ಕೂಲಿ. ಬಸುರಿ, ಬಾಣಂತಿ, ವಯಸ್ಸಾದವರಿಗೆ ಇಂಥ ಹಗುರ ಕೆಲಸವನ್ನೇ ಕೊಡಬೇಕು. ಇಷ್ಟನ್ನೂ ಸಭೆಗೆ ಕೇಳುವಂತೆ ಹೇಳಿದರು. ಅಧಿಕಾರಿ, “ಇಲ್ಲಿ ಯಾರೂ ಕೇಳಿರಲಿಲ್ಲ ಮೇಡಂ” ಎಂದರು.

ಮೂಲೆಮನೆ ಅತ್ತೆ ಮೆಲ್ಲಗೆ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ, “ಅಂಗಾರೆ ನಮ್ ಸೊಸೆ ಮರದ ಬುಡ್ದಲ್ಲಿ ಕುಂತ್ಕಂಡು ನೀರು ಕೊಟ್ಟಿದ್ರೂ ಕೂಲಿ ಬತ್ತಿತ್ತಾ?” ಎಂದರು.

“ಬರ್ತಿತ್ತು ಅವ್ವ.”

“ಅವ್ಳ ಹೆಸರ್ಗೇ?”

“ಅವರ ಹೆಸರಿಗೇ.”

ಅತ್ತೆ ಎದ್ದು ನಿಂತರು. ಈಗ ದನಿ ಮೆಲ್ಲಗಿರಲಿಲ್ಲ. “ಇದನ್ನ ನಮಗೆ ಮೊದ್ಲೇ ಯೋಳಿದ್ರೆ ಮುಯ್ಯಾಳು ಯಾಕ್ ಬೇಕಿತ್ತು? ಈ ಹೆಣ್ಮಗಳ್ನ ಯಾಕ್ ತೆಗೀತೀರಿ? ನೀರು ಕೊಡೋರ್ನ ಹಾಕ್ದೆ ಇದ್ದೋರು ಅಲ್ಲಿ ಮೇಲೆ ಕುಂತವ್ರೆ.”

ಯುವತಿ ಎರಡು ವಿಷಯಗಳನ್ನು ಬೇರೆಬೇರೆ ಮಾಡಿದರು. ಹಾಜರಿ ತಪ್ಪಾಗಿದೆ, ಅದನ್ನು ತಿದ್ದಬೇಕು. ಕೆಲಸ ಮಾಡಿದ ಎದುರುಮನೆಯವರಿಗೂ ಕಾರ್ಡ್ ಇದೆ, ಹಣ ಇನ್ನೂ ಹೋಗಿಲ್ಲ. ಆ ದಿನಗಳು ಅವರ ಹೆಸರಿಗೆ ಬರಲಿ, ಉಳಿದವರ ಕೂಲಿ ಬಿಡುಗಡೆಯಾಗಲಿ. ಕಾಯಕ ಬಂಧು ಇರಬೇಕೋ ಬೇಡವೋ, ಅದನ್ನು ಸಭೆ ಹೇಳಬೇಕು. “ಇರಲಿ ಅನ್ನೋರು ಕೈ ಎತ್ತಿ.”

ನಾನು ಹಿಂದಿನಿಂದ ನೋಡುತ್ತಿದ್ದೆ. ಮೊದಲು ಮೇಲೆ ಹೋದದ್ದು ಎದುರುಮನೆಯವಳ ಕೈ. ಆಮೇಲೆ ವೇದಿಕೆಯ ಕಾಲಬುಡದಲ್ಲಿ ಕೂತ ಎಲ್ಲರ ಕೈ. ಕೆಲವರು ಒಂದು ಕೈ ಸಾಲದೆಂಬಂತೆ ಎರಡೂ ಎತ್ತಿದರು. “ಒಂದೇ ಎತ್ರವ್ವ, ಎಣಿಸಾಕೆ ಬುಡಿ” ಎಂದು ಅತ್ತೆ ಗದರಿದರು. ಬಳೆಗಳ ಸದ್ದಿಗೆ ಕುರ್ಚಿಗಳಲ್ಲಿದ್ದ ಗಂಡಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಅಲ್ಲೂ ಒಂದೊಂದಾಗಿ ಕೈ ಮೇಲೆದ್ದವು. ಆ ಕಟ್ಟೆಯ ಕೂಲಿ ಅವರ ಮನೆಗಳಿಗೂ ಹೋಗುತ್ತಿತ್ತಲ್ಲ. ಟ್ರ್ಯಾಕ್ಟರ್ ಮಾಲೀಕ ಕೈ ಎತ್ತಲಿಲ್ಲ. ಬೇಡ ಎನ್ನುವವರು ಕೈ ಎತ್ತಿ ಎಂದಾಗಲೂ ಎತ್ತಲಿಲ್ಲ. ಟೀ ಕುಡಿಯಲು ಎದ್ದು ಹೋದ.

ಅಕ್ಕ ನಿಂತೇ ಇದ್ದಳು. ಕೂರಬಹುದು ಎಂದು ಯಾರೂ ಹೇಳಿರಲಿಲ್ಲ. ಕೊನೆಗೆ ಅತ್ತೆ ಅವಳ ಸೆರಗು ಹಿಡಿದು ಜಗ್ಗಿ, “ಕುಂತ್ಕಳ್ಳೇ ಮೇಸ್ತ್ರಿ, ಗೆದ್ದಾಯ್ತು” ಎಂದರು.

ಕೂಲಿ ಬಂತು. ಕಟ್ಟೆಯ ಏರಿಯ ಮೇಲೆ ನಾಲ್ಕು ಗೂಟ ನೆಟ್ಟು ನೀಲಿ ಟಾರ್ಪಾಲು ಕಟ್ಟಿದರು. ಮುಯ್ಯಾಳಾಗಿ ಬಂದವಳ ಖಾತೆಗೇ ಹಣ ಬಿದ್ದದ್ದರಿಂದ ಎರಡು ಮನೆಗಳ ನಡುವೆ ಹೊಸ ತಕರಾರು ಹುಟ್ಟಿತು. “ಕೂಲಿ ತಗಂಡ್ಮೇಲೆ ಮುಯ್ಯಿ ಎಲ್ಲಿಂದ ಬಂತು, ನೀವೇನೂ ತೀರಿಸ್ಬ್ಯಾಡಿ” ಎಂದು ಅವಳು. “ನೀನು ಬಂದಿದ್ದು ನಮ್ಮನೆಗೆ ಅಂತ, ಸರ್ಕಾರಕ್ಕೆ ಅಂತ ಅಲ್ಲ” ಎಂದು ಅತ್ತೆ. ಹೊಗೆಸೊಪ್ಪಿನ ಕಾಲದಲ್ಲಿ ಅತ್ತೆ ಯಾರ ಮಾತೂ ಕೇಳದೆ ಅವಳ ಹೊಲದ ಕೊಟ್ಟಿಗೆಯಲ್ಲಿ ಕೂತು ಕಡ್ಡಿಗೆ ಸೊಪ್ಪು ಕಟ್ಟಿದರು. ಆ ವರ್ಷ ಹೊಲದ ಕೆಲಸಕ್ಕೂ ಹೆಂಗಸರ ಕೂಲಿ ಊರಿನಲ್ಲಿ ಏರಿತು. ಮೊದಲು ಏರಿಸಬೇಕಾಗಿ ಬಂದದ್ದು ಟ್ರ್ಯಾಕ್ಟರ್ ಮಾಲೀಕನಿಗೇ, ಅವನ ಹೊಲವೇ ಎಲ್ಲಕ್ಕಿಂತ ದೊಡ್ಡದು.

ಮುಂದಿನ ಬೇಸಿಗೆಯಲ್ಲಿ ಕಟ್ಟೆಯ ಉಳಿದ ಭಾಗಕ್ಕೆ ಮತ್ತೆ ಗುದ್ದಲಿ ಬಿತ್ತು. ನಾನು ಹೋದಾಗ ಟಾರ್ಪಾಲಿನ ಕೆಳಗೆ ಮೂಲೆಮನೆ ಸೊಸೆ ಕೂತಿದ್ದಳು. ಪಕ್ಕದಲ್ಲಿ ಕ್ಯಾನು, ಲೋಟ. ಮಡಿಲಲ್ಲಿ ಮಗು. ಮಣ್ಣು ಹೊತ್ತು ಏರಿ ಹತ್ತಿದವರು ಅಲ್ಲಿ ನಿಂತು ನೀರು ಕುಡಿದು, ಮಗುವಿನ ಕೆನ್ನೆ ಮುಟ್ಟಿ ಇಳಿಯುತ್ತಿದ್ದರು. ಮಧ್ಯಾಹ್ನದ ಫೋಟೊದ ಹೊತ್ತಾಯಿತು. ಎಲ್ಲರೂ ಸಾಲಾಗಿ ನಿಂತರು. ಸೊಸೆಯೂ ಮಗುವನ್ನೆತ್ತಿಕೊಂಡು ಬಂದು ಸಾಲಿನ ತುದಿಯಲ್ಲಿ ನಿಂತಳು.

ಅಕ್ಕ ಮೊಬೈಲು ಹಿಡಿದು ಹಿಂದೆ ಹಿಂದೆ ಸರಿದಳು. “ಟವಲು ತೆಗೀರೇ ಎಲ್ಲ. ಮೊಕ ಕಾಣ್ಲಿ.”

“ಬಿಸ್ಲು ಕಣೆ” ಎಂದರು ಅತ್ತೆ.

“ಒಂದ್ ಗಳಿಗೆ ತಡ್ಕಳ್ಳಿ. ನಿಮ್ಮ ಹೆಸರ್ಗೆ ನಿಮ್ದೇ ಮೊಕ ಬೇಕು.”

ಟವಲುಗಳು ಒಂದೊಂದಾಗಿ ಹೆಗಲಿಗೆ ಇಳಿದವು. ಬೆವರು, ಮಣ್ಣು, ಬಿಸಿಲಿಗೆ ಕಿರಿದಾದ ಕಣ್ಣುಗಳು. ಯಾರು ಯಾರೆಂದು ದೂರದಿಂದಲೂ ತಿಳಿಯುತ್ತಿತ್ತು. ಅಕ್ಕ ಫೋಟೊ ತೆಗೆದಳು.