ಓಕುಳಿ ಕಾಲಿನ ನಾಯಿ

ನಮ್ಮ ಬಿಳಿ ನಾಯಿಯ ಮುಂಗಾಲು ಕೆಂಪಾಗತೊಡಗಿದಾಗ ನನ್ನ ಕಣ್ಣು ಹೋದದ್ದು ನೇರ ಎದುರುಮನೆಯ ಬಾಗಿಲಿಗೆ. ಹುಲ್ಲಹಳ್ಳಿಯ ನಮ್ಮ ಬೀದಿಯಲ್ಲಿ ಅಮಾವಾಸ್ಯೆ ತಪ್ಪದೆ ಮೊಮ್ಮಗುವಿಗೆ ದೃಷ್ಟಿ ತೆಗೆಯುವವರು ಆ ಮನೆಯಾಕೆ. ಅರಿಶಿನ ಸುಣ್ಣ ಕಲಸಿದ ಓಕುಳಿ ನೀರನ್ನು ನಮ್ಮ ಗೇಟಿನ ಮುಂದೆಯೇ ಚೆಲ್ಲುತ್ತಾರೆಂಬುದು ನನ್ನ ಹಳೆಯ ಗುಮಾನಿ.

ನಾಯಿಯ ಬೆರಳ ಸಂದಿಯಲ್ಲೂ ಅದೇ ಬಣ್ಣ, ಜೊತೆಗೆ ಹುಣ್ಣು. ದಿನವಿಡೀ ನೆಕ್ಕುತ್ತಿತ್ತು. ಬೆಳಿಗ್ಗೆ ಗೇಟು ತೆಗೆದರೆ ಕುಂಟುತ್ತಲೇ ಅವರ ಮನೆಗೆ ಓಡುತ್ತಿತ್ತು. ಬರುವಾಗ ಕಾಲೆಲ್ಲ ಒದ್ದೆ. ಇನ್ನೇನು ಸಾಕ್ಷಿ ಬೇಕು? ಅಮಾವಾಸ್ಯೆಗೊಮ್ಮೆ ಚೆಲ್ಲುವ ನೀರು ದಿನಾ ಹೇಗೆ ಅಂಟುತ್ತದೆಂದು ಮಾತ್ರ ನಾನು ಯೋಚಿಸಲಿಲ್ಲ.

"ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಅಳದಿ ಕಣೆ," ಎಂದರು ನನ್ನ ಗಂಡ.

ಅವರ ಮಾತು ಯಾರು ಕೇಳುತ್ತಾರೆ? ದಿನಕ್ಕೊಮ್ಮೆ ಫಿನಾಯಿಲ್ ಹಾಕಿ ಜಗಲಿ ತೊಳೆಯುತ್ತಿದ್ದವಳು, ಆ ಓಕುಳಿಯ ಸೋಂಕು ಹೋಗಲೆಂದು ಎರಡು ಸಲ ತೊಳೆಯತೊಡಗಿದೆ. ನಾಯಿ ಮಲಗುವ ಮೂಲೆಗಂತೂ ನೀರು ಬೆರೆಸದೆ ಸುರಿದೆ. ಎದುರುಮನೆಗೆ ಕೊಡುತ್ತಿದ್ದ ಕರಿಬೇವನ್ನೂ ನಿಲ್ಲಿಸಿದೆ. ಆಕೆ ಯಾಕೆಂದು ಕೇಳಲಿಲ್ಲ. ಕೇಳದಿದ್ದುದೇ ತಪ್ಪೊಪ್ಪಿಗೆ ಎಂದುಕೊಂಡೆ.

ನಾಯಿ ಅನ್ನ ಬಿಟ್ಟಾಗ ಹೆದರಿ, ಆಟೋದಲ್ಲಿ ನಂಜನಗೂಡಿಗೆ ಪಶುವೈದ್ಯರ ಬಳಿ ಕರೆದೊಯ್ದೆವು. ಓಕುಳಿಯ ಕತೆಯನ್ನು ಪೂರ್ತಿ ಒಪ್ಪಿಸಿದೆ. ಅವರು ನಾಯಿಯ ಪಾದ ಬಿಡಿಸಿ ನೋಡಿದರು, ಮೂಸಿದರು.

"ಯಾರೂ ಬಣ್ಣ ಹಾಕಿಲ್ಲಮ್ಮ. ಉರಿ ತಡೀಲಾರ್ದೆ ನೆಕ್ಕುತ್ತೆ. ಎಂಜಲು ಕೂತು ಕೂತು ಬಿಳಿ ಕೂದ್ಲು ಕೆಂಪಾಗುತ್ತೆ. ನೆಲಕ್ಕೆ ಏನ್ ಹಾಕ್ತೀರಿ?"

ಗಂಡ ನನ್ನ ಮುಖ ನೋಡಿದರು. ನಾನು ಮೇಜಿನ ಮೇಲಿನ ಹತ್ತಿ ನೋಡಿದೆ. ಫಿನಾಯಿಲ್ ಬಿಟ್ಟು ಬರೀ ನೀರಿನಲ್ಲಿ ತೊಳೆಯಿರಿ, ನಾಯಿಯ ಕಾಲು ಒದ್ದೆಯಿರದಂತೆ ಒರೆಸಿ ಮುಲಾಮು ಹಚ್ಚಿ ಎಂದು ವೈದ್ಯರು ಹೇಳಿ ಕಳಿಸಿದರು.

ಮರುದಿನ ಬೆಳಿಗ್ಗೆ ಕರಿಬೇವು ಹಿಡಿದು ಎದುರುಮನೆಗೆ ಹೋದೆ. ನಾಯಿ ನನಗಿಂತ ಮೊದಲೇ ಅಲ್ಲಿತ್ತು. ನೀರು ತುಂಬಿದ ಬಾಂಡ್ಲಿಯೊಳಗೆ ಮುಂಗಾಲಿಟ್ಟು ಕಣ್ಣು ಮುಚ್ಚಿ ನಿಂತಿತ್ತು. ಆಕೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಪಾದ ಎತ್ತಿ ಸೆರಗಿನಲ್ಲಿ ಒರೆಸುತ್ತಿದ್ದರು. ನನಗೆ ನಾಚಿಕೆಯಾಯಿತು, ಕರಿಬೇವನ್ನು ಅವರ ಪಕ್ಕ ಇಟ್ಟೆ.

"ಪಾಪ, ಕಾಲುರಿ ಇದ್ಕೆ," ಎಂದರು ಆಕೆ. "ತಿಂಗ್ಳಿಂದ ಬಂದು ನೀರಲ್ಲಿ ನಿಂತ್ಕತದೆ. ನಿಮ್ಗೆ ಏಳ್ಬೇಕು ಅಂತಿದ್ದೆ ಕಣಕ್ಕಾ. ನಾನೇ ಏನೋ ಮಾಡ್ದೆ ಅಂದ್ಕಂಬುಟ್ಟೀರಿ ಅಂತ ಸುಮ್ಕಾದೆ."