ಅಕ್ಕಿಮಿಲ್ಲು ನಿಂತರೆ ಒಂದೇ ಬಲ್ಬು

ನನ್ನದು ಒಂದು ಕಡೆ ನಿಲ್ಲುವ ಕಾಲಲ್ಲ. ಅರವತ್ತರ ದಶಕದಲ್ಲಿ ಸಾಗರದಲ್ಲಿ ಪಿಯುಸಿ ವಿಜ್ಞಾನ ಓದುತ್ತಿದ್ದೆ. ಡಿಸೆಂಬರಿನ ರಜೆಗೆ ರಿಪ್ಪನ್‌ಪೇಟೆಯ ಮನೆಗೆ ಬಂದರೆ ಅಂಗಳಕ್ಕೂ ಹಿತ್ತಿಲಿಗೂ ಅಲೆಯುವುದೇ ಕೆಲಸ. "ಇವಳನ್ನ ಕಟ್ಟಿಕೊಳ್ಳೋನು ತಾಳಿ ಜೊತೆ ಒಂದು ಹಗ್ಗಾನೂ ತರ್ಬೇಕು" ಎಂದು ಅಜ್ಜಿ ಅನ್ನುತ್ತಿದ್ದಳು.

ಆ ರಜೆಯಲ್ಲಿ ಅಕ್ಕ ಹೆರಿಗೆಗೆಂದು ಬಂದಿದ್ದಳು. ತಿಂಗಳು ತುಂಬುವ ಮೊದಲೇ ಗಂಡು ಕೂಸು ಹುಟ್ಟಿತು. ಅಂಗೈಗಿಂತ ಸ್ವಲ್ಪ ದೊಡ್ಡದು, ಅಳುವುದಕ್ಕೂ ತ್ರಾಣವಿಲ್ಲ. ಅವಳ ಹಿಂದಿನ ಎರಡು ಕೂಸುಗಳು ಉಳಿದಿರಲಿಲ್ಲ. ಇದನ್ನೂ ಕಳೆದುಕೊಳ್ಳುವುದೇ ಸೈ ಎಂದು ಮನಸ್ಸು ಗಟ್ಟಿಮಾಡಿಕೊಂಡವಳಂತೆ ಅವಳು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಅಮ್ಮ ಅವಳಿಂದ ಹಾಲು ಹಿಂಡಿಸಿಕೊಂಡು ಬತ್ತಿಯಲ್ಲಿ ಕೂಸಿನ ಬಾಯಿಗೆ ಬಿಡುತ್ತಿದ್ದಳು. ಅಕ್ಕ ಮಾತ್ರ ಅದನ್ನು ಮುಟ್ಟಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ. ನನಗೆ ಅವಳ ಮೇಲೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಆ ಚಳಿಯಲ್ಲಿ ತೀರ್ಥಹಳ್ಳಿಯ ಆಸ್ಪತ್ರೆಯವರೆಗೆ ಬಸ್ಸಿನಲ್ಲಿ ಒಯ್ದರೆ ಕೂಸು ತಡೆಯುವುದಿಲ್ಲ ಎಂದರು ಊರಿನ ನರ್ಸಮ್ಮ. ಬಾಣಂತಿ ಕೋಣೆಯ ಕೆಂಡದ ಹೊಗೆಯೂ ಆಗದು. ಅಪ್ಪನ ಬಟ್ಟೆ ಅಂಗಡಿಯ ಮರದ ಪೆಟ್ಟಿಗೆಗೆ ಹತ್ತಿ ಹಾಸಿ, ಕೂಸನ್ನು ಮಲಗಿಸಿ, ಮೇಲೆ ಅರವತ್ತು ವ್ಯಾಟಿನ ಬಲ್ಬು ಇಳಿಬಿಟ್ಟರು. "ಬೆಚ್ಚಗಿರ್ಬೇಕು, ಬಿಸಿ ಆಗ್ಬಾರ್ದು. ಎರಡರಲ್ಲಿ ಯಾವುದು ತಪ್ಪಿದ್ರೂ ಉಳಿಯಲ್ಲ" ಎಂದು ಹೇಳಿ ಹೋದರು.

ಮರುದಿನ ಬೆಳಿಗ್ಗೆ ನಮ್ಮ ಹಿತ್ತಿಲ ಗೋಡೆಯಾಚೆಯ ಅಕ್ಕಿಮಿಲ್ಲು ಶುರುವಾಯಿತು. ಬಲ್ಬು ಮಂಕಾಗಿ ಹಣ್ಣು ಮೆಣಸಿನಕಾಯಿಯಂತೆ ಕೆಂಪಗಾಯಿತು. ಕೂಸಿನ ಪಾದ ಮುಟ್ಟಿದರೆ ತಣ್ಣಗಿತ್ತು. ನಾನು ಮಿಲ್ಲಿಗೆ ಓಡಿ ಅಲ್ಲಿನ ಹಲಗೆಯ ಮೇಲಿದ್ದ ವೋಲ್ಟ್ ಮೀಟರ್ ನೋಡಿದೆ. ಮಿಲ್ಲಿನ ಮೋಟಾರು ಕರೆಂಟು ಎಳೆಯುತ್ತಿದ್ದುದರಿಂದ, ಇನ್ನೂರ ಮೂವತ್ತು ತೋರಿಸಬೇಕಾದ ಮುಳ್ಳು ನೂರ ಅರವತ್ತರಲ್ಲಿ ನಡುಗುತ್ತಿತ್ತು.

ಮನೆಗೆ ಬಂದು ಸ್ಲೇಟು ಹಿಡಿದೆ. ಅರವತ್ತು ವ್ಯಾಟನ್ನು ಇನ್ನೂರ ಮೂವತ್ತರಿಂದ ಭಾಗಿಸಿದರೆ ಕಾಲು ಆಂಪಿಯರಿಗಿಂತ ಚೂರು ಹೆಚ್ಚು ಕರೆಂಟು. ವೋಲ್ಟೇಜನ್ನು ಆ ಕರೆಂಟಿನಿಂದ ಭಾಗಿಸಿದರೆ ಬಲ್ಬಿನ ರೋಧ, ಸುಮಾರು ಎಂಟುನೂರ ಎಂಬತ್ತು ಓಮ್. ಈಗ ವೋಲ್ಟೇಜು ನೂರ ಅರವತ್ತಾದರೆ ಅದೇ ತಂತಿಯಲ್ಲಿ ಹರಿಯುವ ಕರೆಂಟೂ ಇಳಿಯುತ್ತದೆ. ಇಳಿದ ಎರಡನ್ನೂ ಗುಣಿಸಿದೆ. ಇಪ್ಪತ್ತೊಂಬತ್ತು ವ್ಯಾಟು. ಕಾವು ಇಳಿದರೆ ತಂತಿಯ ರೋಧವೂ ಸ್ವಲ್ಪ ಇಳಿಯುತ್ತದೆ ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ಆ ಸೂಕ್ಷ್ಮವನ್ನು ಬಿಟ್ಟೆ. ವೋಲ್ಟೇಜು ಮೂರರಲ್ಲಿ ಒಂದು ಪಾಲು ಇಳಿದದ್ದಕ್ಕೆ ಕೂಸಿನ ಕಾವು ಹೆಚ್ಚುಕಡಿಮೆ ಅರ್ಧ ಹೋಗಿತ್ತು.

ಇನ್ನೊಂದು ಬಲ್ಬು ತಂದು ಕಟ್ಟಿದೆ. ಮಿಲ್ಲು ಓಡುವಾಗ ಎರಡು, ನಿಂತಾಗ ಒಂದು. ಲೆಕ್ಕ ಸರಿಯಿತ್ತು, ಅಜ್ಜಿ ಒಪ್ಪಲಿಲ್ಲ. ಪುರುಡು ಕಳೆಯುವವರೆಗೆ ಬಾಣಂತಿ ಕೋಣೆಯಲ್ಲಿ ಹೊತ್ತಿಸಿದ್ದನ್ನು ಆರಿಸಬಾರದು ಎನ್ನುವುದು ಅವಳ ಕಟ್ಟಳೆ.

"ಅಜ್ಜಿ, ಇದು ಬೆಂಕಿ ಅಲ್ಲ, ಕರೆಂಟು."

"ಮುಟ್ಟಿದ್ರೆ ಸುಡುತ್ತಾ ಇಲ್ವಾ? ಹಂಗಾದ್ರೆ ಬೆಂಕಿನೇ."

ವಾದಿಸಿ ಸೋತೆ. ಕೊನೆಗೆ ಅಜ್ಜಿಯೇ ದಾರಿ ತೋರಿಸಿದಳು. "ಆರಿಸ್ಬೇಡ. ಎತ್ತಿ ಬಾಣಂತಿ ಕಾಲ ಹತ್ರ ಇಡು. ಅವಳಿಗೂ ಕಾವು ಬೇಕಲ್ಲ." ಹಾಗಾಗಿ ಮಿಲ್ಲು ನಿಂತಾಗಲೆಲ್ಲ ಎರಡನೆಯ ಬಲ್ಬು ಉದ್ದ ವೈರಿನ ಸಮೇತ ಪೆಟ್ಟಿಗೆಯಿಂದ ಅಕ್ಕನ ಮಂಚದ ಕಡೆಗೆ ಹೋಗುತ್ತಿತ್ತು. ಅಕ್ಕ ಗೋಡೆ ನೋಡುತ್ತಲೇ ಇರುತ್ತಿದ್ದಳು.

ಕೂತರೆ ಕೂರಲಾರೆ, ನಿಂತರೆ ನಿಲ್ಲಲಾರೆ. ಮಿಲ್ಲಿನ ಸದ್ದು ಸ್ವಲ್ಪ ಬದಲಾದರೂ ಬಲ್ಬು ನೋಡಲು ಏಳುತ್ತಿದ್ದೆ. ಊಟದ ತುತ್ತು ಕೈಯಲ್ಲೇ ಇರುವಾಗ ಎದ್ದು ಓಡಿದ್ದುಂಟು. ಸಾಲದೆಂಬಂತೆ, ಮುಳ್ಳು ಇನ್ನೂ ಇಳಿದಿದೆಯೋ ಎಂದು ನೋಡಲು ಮಿಲ್ಲಿಗೂ ಓಡುತ್ತಿದ್ದೆ. ಅಲ್ಲಿದ್ದಾಗ ಇಲ್ಲಿಯ ಚಿಂತೆ, ಇಲ್ಲಿದ್ದಾಗ ಅಲ್ಲಿಯದು.

ಒಂದು ಮಧ್ಯಾಹ್ನ ಅಮ್ಮ, ಅಜ್ಜಿ ಇಬ್ಬರೂ ಬಟ್ಟೆ ಒಗೆಯಲು ಬಾವಿಕಟ್ಟೆಗೆ ಹೋಗಿದ್ದರು. ನಾನು ಮಿಲ್ಲಿನಲ್ಲಿ ಮೀಟರಿನ ಮುಂದೆ ನಿಂತಿದ್ದೆ. ಯಂತ್ರದ ಬೆಲ್ಟು ಪಟ್ಟೆಂದು ಹರಿಯಿತು. ಯಾರೋ ಮೋಟಾರು ಆರಿಸಿದರು. ನನ್ನ ಕಣ್ಣೆದುರೇ ಮುಳ್ಳು ನೂರ ಅರವತ್ತರಿಂದ ಇನ್ನೂರ ಮೂವತ್ತಕ್ಕೆ ಹಾರಿತು. ಪೆಟ್ಟಿಗೆಯಲ್ಲಿ ಎರಡು ಬಲ್ಬು, ನೂರಿಪ್ಪತ್ತು ವ್ಯಾಟು, ಕೆಳಗೆ ಆ ಕೂಸು.

ಗೋಡೆ ಬಳಸಿ ಎಷ್ಟು ಓಡಿದರೂ ದಾರಿ ಸಾಗಲೊಲ್ಲದು. ಬೇಲಿಯ ಮುಳ್ಳಿಗೆ ಸೀರೆ ಹರಿಯಿತು. ಕೋಣೆಗೆ ನುಗ್ಗಿದರೆ ಎರಡೂ ಬಲ್ಬು ಕಣ್ಣು ಕೋರೈಸುವಂತೆ ಉರಿಯುತ್ತಿದ್ದವು. ಪೆಟ್ಟಿಗೆಯಲ್ಲಿ ಹತ್ತಿ ಮಾತ್ರ ಇತ್ತು.

ಮಂಚದ ಮೇಲೆ ಅಕ್ಕ ಈ ಕಡೆ ತಿರುಗಿ ಕುಳಿತಿದ್ದಳು. ರವಿಕೆ ಬಿಚ್ಚಿ ಕೂಸನ್ನು ಬರಿಯ ಎದೆಗೆ ಒತ್ತಿಕೊಂಡು, ಮೇಲೆ ಸೆರಗು ಸುತ್ತಿದ್ದಳು. ಸೆರಗಿನೊಳಗಿಂದ ಚೀಪುವ ಸಣ್ಣ ಸದ್ದು ಕೇಳಿಸುತ್ತಿತ್ತು.

"ಬೆಳಕು ಜಾಸ್ತಿ ಆಯ್ತು. ನೀನಿರ್ಲಿಲ್ಲ. ಸುಟ್ಟು ಹೋಗ್ತಾನೆ ಅಂತ ಹೆದ್ರಿಕೆ ಆಯ್ತು ಕಣೇ" ಎಂದಳು.

ನಾನು ಬಲ್ಬಿಗೆ ಕೈ ಹಾಕಿದೆ.

"ಬಿಡು ಅದನ್ನ. ಪೆಟ್ಟಿಗೇಲಿ ಯಾರಿದ್ದಾರೆ ಈಗ? ಬಾ, ಕೂತ್ಕೋ."

ಅಲ್ಲೇ ನೆಲದ ಮೇಲೆ, ಮಂಚಕ್ಕೆ ಬೆನ್ನು ಕೊಟ್ಟು ಕೂತೆ. ಬೆಲ್ಟು ಹೊಲಿದು ಮಿಲ್ಲು ಮತ್ತೆ ಶುರುವಾಯಿತು, ಬಲ್ಬುಗಳು ಕೆಂಪಾದವು. ನಾನು ಏಳಲಿಲ್ಲ.